ತೊಳೆಸಿಕೊಳ್ಳುವುದು

ಆಪರೇಷನ್ ಥಿಯೇಟರ್‌ನಲ್ಲಿ ಕೈ ತೊಳೆಯುವುದಕ್ಕೆ ಒಂದು ಕ್ರಮ ಇದೆ. ಮೊದಲು ಉಗುರಿನ ಸಂದಿ. ಆಮೇಲೆ ಒಂದೊಂದು ಬೆರಳಿನ ನಾಲ್ಕೂ ಬದಿ, ಅಂಗೈ, ಹಿಂಗೈ, ಮಣಿಕಟ್ಟು, ಕೊನೆಗೆ ಮೊಣಕೈವರೆಗೆ. ಬೆರಳುಗಳು ಯಾವಾಗಲೂ ಮೊಣಕೈಗಿಂತ ಮೇಲೆ ಇರಬೇಕು. ನೀರು ಬೆರಳಿನಿಂದ ಮೊಣಕೈ ಕಡೆಗೆ ಇಳಿಯಬೇಕು, ಆ ಕಡೆಯಿಂದ ಈ ಕಡೆಗೆ ಬರಬಾರದು. ತೊಳೆದ ಕೈಯಿಂದ ನಲ್ಲಿ ಮುಟ್ಟುವ ಹಾಗಿಲ್ಲ. 26 ವರ್ಷ ನಾನು ದಿನಕ್ಕೆ ಎಷ್ಟೋ ಸಲ ಹೀಗೆ ಕೈ ತೊಳೆದಿದ್ದೇನೆ. ಅದರಲ್ಲಿ 13 ವರ್ಷ, ಸಿಂಕ್ ಮುಂದೆ ನಿಂತಾಗಲೆಲ್ಲ ಒಂದೇ ವಿಷಯ ನೆನಪಾಗುತ್ತಿತ್ತು.

ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಬೇಡ. ತಪ್ಪು ನನ್ನದು, ಅದು ಗೊತ್ತಾದರೆ ಸಾಕು.

2006ರಲ್ಲಿ ಒಂದು ದಿನ. ಬೆಳಿಗ್ಗೆಯಿಂದ ನಾಲ್ಕನೇ ಆಪರೇಷನ್. ಹೊಟ್ಟೆಯ ಆಪರೇಷನ್ ಆದ್ದರಿಂದ ದೊಡ್ಡ ಮಾಪ್‌ಗಳನ್ನು ಬಳಸುತ್ತಿದ್ದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಾಪ್ ಅಂದರೆ ಒಳಗಿನ ರಕ್ತ ಹೀರಿಕೊಳ್ಳಲು ಇಡುವ ದಪ್ಪ ಬಟ್ಟೆ. ಐದೈದರ ಕಟ್ಟುಗಳಲ್ಲಿ ಬರುತ್ತದೆ. ಒಂದೊಂದರಲ್ಲೂ ಎಕ್ಸ್-ರೇಯಲ್ಲಿ ಕಾಣುವಂಥ ಒಂದು ಎಳೆ ಇರುತ್ತದೆ. ಶುರುವಿನಲ್ಲಿ ಎಣಿಸಬೇಕು, ಹೊಟ್ಟೆ ಮುಚ್ಚುವ ಮುಂಚೆ ಎಣಿಸಬೇಕು, ಚರ್ಮ ಹೊಲಿಯುವಾಗ ಮತ್ತೆ ಎಣಿಸಬೇಕು. ಇಬ್ಬರು ಸೇರಿ, ಬಾಯಿಬಿಟ್ಟು, ಜೋರಾಗಿ. ನಾನು ಸ್ಕ್ರಬ್ ನರ್ಸ್, ಅಂದರೆ ಕೈ ತೊಳೆದು ಡಾಕ್ಟರ ಪಕ್ಕದಲ್ಲಿ ನಿಂತು ಉಪಕರಣ ಕೊಡುವವಳು. ಹೊರಗಿನ ಕೆಲಸ ನೋಡಿಕೊಂಡು ಲೆಕ್ಕ ಬರೆಯುತ್ತಿದ್ದವಳು ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿ.

ಹತ್ತು ಇರಬೇಕಿತ್ತು. ಒಂಬತ್ತು ಇತ್ತು.

ಅವಳು ಸಣ್ಣ ದನಿಯಲ್ಲಿ "ಅಕ್ಕ, ಒಂದು ಕಡಿಮೆ ಇದೆ ಅನ್ಸುತ್ತೆ" ಅಂದಳು. ಡಾಕ್ಟರು ಹೊಲಿಯೋಕೆ ಕೈ ಚಾಚಿದ್ದರು. ನನಗೆ ಕಾಲು ಸೋತಿತ್ತು. ಎಲ್ಲೋ ಬಕೆಟ್ ತಳದಲ್ಲಿ ಎರಡು ಅಂಟಿಕೊಂಡಿರುತ್ತವೆ ಅಂದುಕೊಂಡೆ. "ಸರಿಯಾಗಿದೆ, ಬರಿ" ಅಂದೆ. ಅವಳು ಬರೆದಳು.

ನಾಲ್ಕನೇ ದಿನ ಆ ಹೆಂಗಸಿಗೆ ಜ್ವರ ಬಂತು, ಹೊಟ್ಟೆ ಉಬ್ಬಿತು. ಎಕ್ಸ್-ರೇಯಲ್ಲಿ ಆ ಎಳೆ ಕಾಣಿಸಿತು, ಸುರುಳಿ ಸುತ್ತಿಕೊಂಡು, ಬೆಳ್ಳಗೆ. ಮತ್ತೆ ಹೊಟ್ಟೆ ತೆರೆದು ತೆಗೆದರು. ಅವರು ಉಳಿದರು, ನಡೆದುಕೊಂಡೇ ಮನೆಗೆ ಹೋದರು. ವಿಚಾರಣೆಯಲ್ಲಿ ನನ್ನನ್ನು ಕೇಳಿದಾಗ ನಾನು "ಲೆಕ್ಕ ಸರಿಯಾಗಿದೆ ಅಂತ ಬರೆದದ್ದು ಅವಳು" ಅಂದೆ. ಅದು ಸುಳ್ಳಲ್ಲ. ಅಕ್ಷರ ಅವಳದ್ದೇ. ಅವಳು ನನ್ನ ಮುಖ ನೋಡಿದಳು, ಒಂದು ಮಾತೂ ಆಡಲಿಲ್ಲ. ಆ ವಾರವೇ ಅವಳನ್ನು ಕೆಲಸದಿಂದ ತೆಗೆದರು.

ನಾನು ಕ್ರೈಸ್ತ ಮನೆಯಲ್ಲೇ ಹುಟ್ಟಿದವಳು. ಮಗುವಾಗಿದ್ದಾಗಲೇ ದೀಕ್ಷಾಸ್ನಾನ, ಅಂದರೆ ಕ್ರೈಸ್ತಳಾಗಿ ಸೇರಿಸಿಕೊಳ್ಳುವ ನೀರಿನ ವಿಧಿ, ಆಗಿದೆ. ಸಂಡೇ ಸ್ಕೂಲ್‌ನಲ್ಲಿ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದೇನೆ. ಯೇಸು ನಮ್ಮ ಪಾಪಗಳಿಗಾಗಿ ಸತ್ತರು ಅನ್ನುವುದು ನನಗೆ ಮಗ್ಗಿಯ ಹಾಗೆ ಗೊತ್ತಿತ್ತು. ಆದರೂ ಆ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನಕ್ಕೆ, ಯೇಸುವಿನ ಸಾವನ್ನು ನೆನೆದು ರೊಟ್ಟಿ ತೆಗೆದುಕೊಳ್ಳುವ ವಿಧಿಗೆ, ಎದ್ದು ಹೋಗುವಾಗ ಕೈ ನಡುಗಿತು. ರೊಟ್ಟಿ ತೆಗೆದುಕೊಂಡೆ, ನುಂಗಿದೆ, ಬಂದು ಕೂತೆ. ಒಳಗೆ ಏನೂ ಬದಲಾಗಲಿಲ್ಲ.

ಆಮೇಲೆ ಶುರುವಾಯಿತು ನನ್ನ ಲೆಕ್ಕ. ಬೇರೆಯವರ ನೈಟ್ ಡ್ಯೂಟಿಗಳನ್ನು ಕೇಳಿ ಹಾಕಿಸಿಕೊಂಡೆ. ಸಂಬಳದಲ್ಲಿ ಹತ್ತನೇ ಒಂದು ಭಾಗ ಚರ್ಚಿಗೆ ಕೊಡುತ್ತಿದ್ದವಳು ಐದನೇ ಒಂದು ಭಾಗ ಕೊಡೋಕೆ ಶುರು ಮಾಡಿದೆ. ಶುಕ್ರವಾರ ಉಪವಾಸ. ಹೊಸದಾಗಿ ಬರುವ ಹುಡುಗಿಯರಿಗೆಲ್ಲ ಅಮ್ಮನ ಹಾಗೆ ಕಲಿಸಿದೆ. ಪ್ರತಿ ರಾತ್ರಿ ಮಲಗುವ ಮುಂಚೆ "ಕರ್ತನೇ, ಕ್ಷಮಿಸು" ಅನ್ನುತ್ತಿದ್ದೆ. ಬೆಳಿಗ್ಗೆ ಎದ್ದರೆ ಮತ್ತೆ ಅದೇ ಭಾರ. ಒಂದು ಸಲ ಪಾಸ್ಟರ ಹತ್ತಿರ ಹೋಗಿ, "ನನಗೆ ಮತ್ತೆ ದೀಕ್ಷಾಸ್ನಾನ ಕೊಡ್ತೀರಾ?" ಅಂತ ಕೇಳಿದೆ. ಯಾಕೆ ಅಂತ ನಾನು ಹೇಳಲಿಲ್ಲ. ಅವರು ತುಂಬಾ ಹೊತ್ತು ಸುಮ್ಮನಿದ್ದು, "ನೀರು ಕಡಿಮೆ ಬಿದ್ದಿಲ್ಲಮ್ಮ. ನೀನು ಇನ್ನೂ ನಂಬಿಲ್ಲ" ಅಂದರು. ನನಗೆ ಸಿಟ್ಟು ಬಂತು. ಹುಟ್ಟಿದಾಗಿನಿಂದ ನಂಬಿದವಳಿಗೆ ಹೀಗೆ ಹೇಳುವುದಾ ಅಂತ.

ಅವರು ಹೇಳಿದ್ದು ನಿಜ ಅಂತ ಗೊತ್ತಾಗಲು ನಾನೇ ಪೇಷಂಟ್ ಆಗಿ ಮಲಗಬೇಕಾಯಿತು.

2019ರಲ್ಲಿ ನನಗೆ ಗರ್ಭಕೋಶ ತೆಗೆಯುವ ಆಪರೇಷನ್ ಆಯಿತು. ಮಾರನೆಯ ಬೆಳಿಗ್ಗೆ ಒಬ್ಬಳು ಹುಡುಗಿ ಬಿಸಿನೀರಿನ ಬೇಸಿನ್, ಎರಡು ಟವೆಲ್, ಒಗೆದ ಬಟ್ಟೆ ಹಿಡಿದುಕೊಂಡು ಬಂದು ಪರದೆ ಎಳೆದಳು. ಮಲಗಿದಲ್ಲೇ ಮೈ ಒರೆಸಿ ಸ್ನಾನ ಮಾಡಿಸುವ ಕೆಲಸ. ಎಷ್ಟು ಜನಕ್ಕೆ ನಾನು ಮಾಡಿದ್ದೇನೋ ಲೆಕ್ಕವಿಲ್ಲ. "ಬಟ್ಟೆ ಇಲ್ಲಿ ಕೊಡಮ್ಮ, ನಾನೇ ಮಾಡಿಕೊಳ್ತೀನಿ" ಅಂದೆ. ಅವಳು ಕೊಟ್ಟಳು. ಎಡಗೈಗೆ ಡ್ರಿಪ್ ಸೂಜಿ ಹಾಕಿದ್ದರು. ಬಲಗೈ ಎತ್ತಿದರೆ ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು. ಕತ್ತು ಒರೆಸಿಕೊಳ್ಳಲು ಹೋಗಿ ಬಟ್ಟೆ ಕೈ ಜಾರಿ ಎದೆ ಮೇಲೆ ಬಿತ್ತು, ನೀರು ಹಾಸಿಗೆಗೆ ಇಳಿಯಿತು. ಮತ್ತೆ ಎತ್ತಿಕೊಂಡೆ. ಮತ್ತೆ ಬಿತ್ತು.

"ಸುಮ್ನೆ ಇರಿ ಸಿಸ್ಟರ್. ಇದು ನನ್ನ ಕೆಲಸ ಅಲ್ವಾ" ಅಂದಳು.

ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಮೊದಲು ಕಣ್ಣು ಒರೆಸಿದಳು, ಮೂಗಿನ ಕಡೆಯಿಂದ ಹೊರಗಡೆಗೆ. ಹಾಗೇ ಒರೆಸಬೇಕು. ಆಮೇಲೆ ಮುಖ, ಕಿವಿಯ ಹಿಂದೆ, ಕತ್ತು. ಒಂದು ಟವೆಲ್ ಮೈಮೇಲೆ ಹೊದಿಸಿ, ಎಷ್ಟು ಬೇಕೋ ಅಷ್ಟೇ ಸರಿಸಿ, ತೊಳೆದು, ಒರೆಸಿ, ಮತ್ತೆ ಮುಚ್ಚುತ್ತಿದ್ದಳು. ಮೈಯಲ್ಲಿ ರಕ್ತದ ವಾಸನೆ, ಔಷಧಿ ವಾಸನೆ, ಬೆವರು. ನನಗೆ ನಾಚಿಕೆಯಿಂದ ಎಲ್ಲಾದರೂ ಹೋಗಿಬಿಡೋಣ ಅನ್ನಿಸಿತು. ಅವಳ ಮುಖದಲ್ಲಿ ಅಸಹ್ಯದ ಒಂದು ಗೆರೆಯೂ ಇರಲಿಲ್ಲ. ಮಧ್ಯೆ ಹೋಗಿ ನೀರು ಬದಲಾಯಿಸಿಕೊಂಡು ಬಂದಳು. ಕೊನೆಗೆ ನನ್ನ ಮಂಡಿ ಮಡಿಸಿ, ಬೇಸಿನ್ ಹಾಸಿಗೆ ಮೇಲೇ ಇಟ್ಟು, ಪಾದ ಎತ್ತಿ ನೀರೊಳಗೆ ಇಳಿಸಿದಳು. ಬೆರಳುಗಳ ಸಂದಿ ತೊಳೆದಳು. ಒಂದೊಂದು ಬೆರಳನ್ನೂ ಬಿಡಿಸಿ ಒರೆಸಿದಳು.

ನಾನು ಅಳೋಕೆ ಶುರು ಮಾಡಿದೆ. ನೋವಾಗ್ತಿದೆಯಾ ಅಂತ ಕೇಳಿದಳು. ಇಲ್ಲ ಅಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲ್‌ನಲ್ಲಿ ಬೈಬಲ್‌ನ ಯೋಹಾನನ ಸುವಾರ್ತೆ 13ನೇ ಅಧ್ಯಾಯ ತೆಗೆದೆ. ಯೇಸು ಊಟದ ಮಧ್ಯೆ ಎದ್ದು, ಮೇಲಂಗಿ ತೆಗೆದಿಟ್ಟು, ಟವೆಲ್ ಸೊಂಟಕ್ಕೆ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲು ತೊಳೆಯುತ್ತಾರೆ. ಅವರಲ್ಲಿ ಒಬ್ಬನಾದ ಪೇತ್ರ ಒಪ್ಪುವುದಿಲ್ಲ. ನೀನು ನನ್ನ ಕಾಲು ತೊಳೆಯೋದಾ, ಯಾವತ್ತಿಗೂ ಬೇಡ ಅನ್ನುತ್ತಾನೆ. ಅದಕ್ಕೆ ಯೇಸು ಹೇಳುವ ಮಾತು: ನಾನು ನಿನ್ನನ್ನು ತೊಳೆಯದೆ ಹೋದರೆ ನನ್ನಲ್ಲಿ ನಿನಗೆ ಪಾಲಿಲ್ಲ.

ಈ ಭಾಗವನ್ನು ನಾನು ಯಾವಾಗಲೂ ವಿನಯದ ಪಾಠ ಅಂತಲೇ ಓದಿದ್ದೆ. ನಾವೂ ಬೇರೆಯವರ ಕಾಲು ತೊಳೆಯಬೇಕು, ಸೇವೆ ಮಾಡಬೇಕು ಅಂತ. ಅದೂ ಅಲ್ಲಿದೆ, ಯೇಸುವೇ ಹೇಳಿದ್ದಾರೆ. ಆದರೆ ಅದಕ್ಕಿಂತ ಮುಂಚೆ ಬರುವ ಮಾತು ಇದು. ಪೇತ್ರನಿಗೆ ಮೊದಲು ಬೇಕಿದ್ದದ್ದು ತೊಳೆಯುವ ಕೆಲಸವಲ್ಲ, ತೊಳೆಸಿಕೊಳ್ಳುವ ಕೆಲಸ. ನಾನು 13 ವರ್ಷ ಮಾಡಿದ್ದೂ ಪೇತ್ರನ ಹಟವೇ. ಬಟ್ಟೆ ಇಲ್ಲಿ ಕೊಡು ಕರ್ತನೇ, ನಾನೇ ಒರೆಸಿಕೊಳ್ತೀನಿ. ಬೀಳುತ್ತಿತ್ತು, ಎತ್ತಿಕೊಳ್ಳುತ್ತಿದ್ದೆ, ಮತ್ತೆ ಬೀಳುತ್ತಿತ್ತು. ಕ್ಷಮಿಸು ಅಂತ ದಿನಾ ಕೇಳುತ್ತಿದ್ದೆ ನಿಜ. ಕ್ಷಮಿಸಿದ್ದೇನೆ ಅಂತ ಆತ ಹೇಳಿದ್ದನ್ನು ಒಂದು ದಿನವೂ ತೆಗೆದುಕೊಂಡಿರಲಿಲ್ಲ.

ಅಲ್ಲಿಂದ 51ನೇ ಕೀರ್ತನೆಗೆ ಹೋದೆ. ಅದನ್ನು ಹಾಡಿದ ದಾವೀದ ರಾಜನ ಕಥೆ ನಿಮಗೆ ಗೊತ್ತಿರಬಹುದು. ಬತ್ಷೆಬೆ ಅನ್ನುವವಳ ಜೊತೆಗಿನ ತನ್ನ ಸಂಬಂಧ ಮುಚ್ಚಿಹಾಕಲು ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯಿಸಿದ. ಅವನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿ ಅಂತ ಬರೆದ ಪತ್ರವನ್ನು ಊರೀಯನ ಕೈಯಲ್ಲೇ ಕೊಟ್ಟು ಕಳಿಸಿದ. ಇದನ್ನು ಓದುವಾಗ ನನಗೆ ಉಸಿರು ಕಟ್ಟಿದ ಹಾಗಾಯಿತು. ಅವನ ಶಿಕ್ಷೆಯನ್ನು ಅವನ ಕೈಯಲ್ಲೇ ಹೊರಿಸಿದ್ದು. ನಾನೂ ಅವಳ ಕೈಯಲ್ಲೇ ಬರೆಸಿದ್ದೆ ಅಲ್ವಾ, "ಲೆಕ್ಕ ಸರಿಯಾಗಿದೆ" ಅಂತ.

ಆ ಕೀರ್ತನೆಯಲ್ಲಿ ದಾವೀದ ನನ್ನನ್ನು ತೊಳೆ ಅಂತ ಬೇಡುತ್ತಾನೆ. ಹೀಬ್ರೂ ಭಾಷೆಯಲ್ಲಿ ಮೈ ತೊಳೆಯುವುದಕ್ಕೆ ಒಂದು ಮಾತು, ಬಟ್ಟೆ ಒಗೆಯುವುದಕ್ಕೆ ಇನ್ನೊಂದು ಮಾತು. ನಮ್ಮಲ್ಲಿ ಇರುವ ಹಾಗೇ. ದಾವೀದ ಬಳಸಿದ್ದು ಬಟ್ಟೆಯ ಮಾತು. ತುಳಿದು, ಹಿಂಡಿ, ಕೊಳೆ ಬಿಡಿಸುವ ಮಾತು. ನನ್ನನ್ನು ಒಗೆ ಅನ್ನುತ್ತಿದ್ದಾನೆ ಅವನು. ತನ್ನನ್ನು ತಾನೇ ಒಗೆದುಕೊಂಡ ಬಟ್ಟೆ ಎಲ್ಲಾದರೂ ಇದೆಯಾ? ಹಿಸ್ಸೋಪಿನಿಂದ ನನ್ನನ್ನು ಶುದ್ಧಮಾಡು ಅಂತಲೂ ಕೇಳುತ್ತಾನೆ. ಹಿಸ್ಸೋಪು ಒಂದು ಸಣ್ಣ ಗಿಡ. ಬೈಬಲ್‌ನ ಯಾಜಕಕಾಂಡ 14ರಲ್ಲಿ ಕುಷ್ಠ ವಾಸಿಯಾದವನನ್ನು ಶುದ್ಧ ಅಂತ ಸಾರುವಾಗ ಯಾಜಕ ಅದನ್ನು ರಕ್ತದಲ್ಲಿ ಅದ್ದಿ ಏಳು ಸಲ ಚಿಮುಕಿಸುತ್ತಾನೆ. ಚಿಮುಕಿಸುವವನು ಯಾಜಕ. ರೋಗಿ ಸುಮ್ಮನೆ ನಿಂತಿರುತ್ತಾನೆ, ಅಷ್ಟೆ.

ರಕ್ತದಿಂದ ತೊಳೆಯುವುದು ಅನ್ನುವ ಮಾತು ಮಾತ್ರ ನನಗೆ ಮೊದಲಿನಿಂದಲೂ ಅರ್ಥವಾಗುತ್ತಿರಲಿಲ್ಲ. ಹಾಡುಗಳಲ್ಲಿ ಹಾಡುತ್ತೇವೆ, ಪ್ರಾರ್ಥನೆಯಲ್ಲಿ ಹೇಳುತ್ತೇವೆ. ಆದರೆ ಥಿಯೇಟರ್‌ನಲ್ಲಿ ಕೆಲಸ ಮಾಡುವವಳಿಗೆ ರಕ್ತ ಅಂದರೆ ಕಲೆ. ತಣ್ಣೀರಲ್ಲಿ ನೆನೆಹಾಕಬೇಕು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಅದು ತೊಳೆಯುವ ವಸ್ತುವೇ ಅಲ್ಲ. ಆ ರಾತ್ರಿ ಮಲಗಿಕೊಂಡು ಯೋಚಿಸುವಾಗ ಬೇರೆಯದೇ ಒಂದು ನೆನಪಾಯಿತು. ರಕ್ತ ತುಂಬಾ ಹೋಗಿರುವ ಪೇಷಂಟ್ ತುಟಿ ಬೂದಿಯ ಹಾಗೆ ಆಗಿರುತ್ತದೆ. ಬೇರೆ ಯಾರೋ ಕೊಟ್ಟ ರಕ್ತದ ಚೀಲ ತೂಗುಹಾಕಿ, ಹನಿ ಹನಿಯಾಗಿ ಒಳಗೆ ಇಳಿಯುತ್ತಾ ಹೋದ ಹಾಗೆ ಆ ತುಟಿಗೆ ಬಣ್ಣ ಬರುತ್ತದೆ. ಎಷ್ಟು ಸಲ ನೋಡಿದ್ದೇನೆ ನಾನು ಅದನ್ನು. ದೇಹಕ್ಕೆ ಜೀವ ರಕ್ತದಲ್ಲಿದೆ, ಅದನ್ನೇ ನಿಮ್ಮ ಪ್ರಾಯಶ್ಚಿತ್ತಕ್ಕಾಗಿ ಕೊಟ್ಟಿದ್ದೇನೆ ಅಂತ ಯಾಜಕಕಾಂಡ 17ರಲ್ಲಿ ದೇವರು ಹೇಳುತ್ತಾನೆ. ರಕ್ತದಿಂದ ತೊಳೆದರು ಅಂದರೆ ಜೀವ ಕೊಟ್ಟರು ಅಂತ. ನನ್ನ ಜಾಗದಲ್ಲಿ ಸತ್ತು, ತಮ್ಮ ಜೀವವನ್ನು ನನ್ನೊಳಗೆ ಇಳಿಸಿದರು ಅಂತ.

ಇಬ್ರಿಯರಿಗೆ ಬರೆದ ಪತ್ರ 9ನೇ ಅಧ್ಯಾಯ 14ನೇ ವಚನ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯುತ್ತದೆ. ಕ್ರಿಸ್ತನ ರಕ್ತ ನಮ್ಮ ಮನಸ್ಸಾಕ್ಷಿಯನ್ನು ಶುದ್ಧಮಾಡುತ್ತದೆ, ಯಾವುದರಿಂದ ಅಂದರೆ ಸತ್ತ ಕೆಲಸಗಳಿಂದ. ಸತ್ತ ಕೆಲಸ ಅಂದರೆ ಪಾಪ ಅಂದುಕೊಂಡಿದ್ದೆ. ಪಾಪವೂ ಹೌದು. ಆದರೆ ನನ್ನ ನೈಟ್ ಡ್ಯೂಟಿಗಳೂ ಅದರಲ್ಲಿ ಸೇರುತ್ತವೆ ಅಂತ ಅವತ್ತು ಕಾಣಿಸಿತು. ಶುಕ್ರವಾರದ ಉಪವಾಸವೂ. ಕೆಲಸಗಳು ಒಳ್ಳೆಯವೇ. ತಪ್ಪಿನ ಸಾಲ ತೀರಿಸೋಕೆ ಮಾಡಿದ್ದರಿಂದ ಅವುಗಳಲ್ಲಿ ಜೀವ ಇರಲಿಲ್ಲ.

ಜಾನ್ ವೆಸ್ಲಿ ಅನ್ನುವವರ ವಿಷಯ ಆಮೇಲೆ ಓದಿದೆ. ಇಂಗ್ಲೆಂಡಿನವರು, ಮೆಥಡಿಸ್ಟ್ ಪಂಥ ಅವರಿಂದ ಶುರುವಾದದ್ದು. 1728ರಲ್ಲೇ ಪಾದ್ರಿಯಾಗಿದ್ದರು. ಸಮುದ್ರ ದಾಟಿ ಸುವಾರ್ತೆ ಸಾರಲು ಹೋಗಿ ಬಂದಿದ್ದರು. ಆದರೂ ಮನಸ್ಸಿಗೆ ನೆಮ್ಮದಿ ಇರಲಿಲ್ಲ. 1738ರ ಮೇ 24ರ ಸಂಜೆ, ಮನಸ್ಸಿಲ್ಲದ ಮನಸ್ಸಿನಿಂದ ಲಂಡನ್ನಿನ ಒಂದು ಕೂಟಕ್ಕೆ ಹೋದರು. ಅಲ್ಲಿ ಯಾರೋ ಬೈಬಲ್‌ನ ರೋಮಾಪುರದವರ ಪತ್ರಕ್ಕೆ ಜರ್ಮನಿಯ ಧರ್ಮಸುಧಾರಕ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಅದನ್ನು ಕೇಳುತ್ತಾ ಎದೆ ಬೆಚ್ಚಗಾಯಿತು ಅಂತ ದಿನಚರಿಯಲ್ಲಿ ಬರೆದಿದ್ದಾರೆ. ರಕ್ಷಣೆಗೆ ಕ್ರಿಸ್ತನೊಬ್ಬನನ್ನೇ ನಂಬಿದೆ, ಆತ ನನ್ನ ಪಾಪಗಳನ್ನು, ನನ್ನವನ್ನೂ, ತೆಗೆದುಹಾಕಿದ ಅನ್ನುವ ಭರವಸೆ ಸಿಕ್ಕಿತು ಅಂತ. ಆ "ನನ್ನವನ್ನೂ" ಅನ್ನುವಲ್ಲಿ ನಾನು ತುಂಬಾ ಹೊತ್ತು ನಿಂತೆ. ಲೋಕದ ಪಾಪ ಹೊತ್ತ ದೇವರ ಕುರಿಮರಿ ಅಂತ ಒಪ್ಪುವುದು ನನಗೆ ಎಂದೂ ಕಷ್ಟವಾಗಿರಲಿಲ್ಲ. ಆ ಒಂದು ಮಾಪ್, ಆ ಒಂದು ಮಾತು, ಅದೂ ಅದರಲ್ಲಿ ಸೇರಿದೆ ಅಂತ ಒಪ್ಪುವುದೇ ಕಷ್ಟ.

ಅವತ್ತು ರಾತ್ರಿ ಹಾಸಿಗೆಯಲ್ಲೇ ಪ್ರಾರ್ಥನೆ ಮಾಡಿದೆ. ಈ ಸಲ "ಕ್ಷಮಿಸು" ಅಂತ ಸುಮ್ನೆ ಹೇಳಿ ಮುಗಿಸಲಿಲ್ಲ. ಹತ್ತು ಇರಬೇಕಿತ್ತು, ಒಂಬತ್ತು ಇತ್ತು, ನನಗೆ ಗೊತ್ತಿತ್ತು, ನಾನು ಸುಳ್ಳು ಹೇಳಿದೆ, ಅವಳ ಮೇಲೆ ಹಾಕಿದೆ ಅಂದೆ. ಬಾಯಿಬಿಟ್ಟು, ಕೌಂಟ್ ಹೇಳುವ ಹಾಗೆ. ಆಮೇಲೆ 1 ಯೋಹಾನ 1:9 ನೆನಪಿಸಿಕೊಂಡೆ. ಪಾಪ ಒಪ್ಪಿಕೊಂಡರೆ ಆತ ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸಿ ಶುದ್ಧಮಾಡುತ್ತಾನೆ ಅಂತ ಅಲ್ಲಿದೆ. ಕರುಣೆಯಿಂದ ಕ್ಷಮಿಸುತ್ತಾನೆ ಅಂದಿದ್ದರೆ ನನಗೆ ಅನುಮಾನ ಉಳಿಯುತ್ತಿತ್ತು, ಕರುಣೆ ಇವತ್ತು ಇದ್ದು ನಾಳೆ ಇಲ್ಲದೆ ಹೋದರೆ ಅಂತ. ನೀತಿವಂತನಾಗಿರುವುದರಿಂದ ಕ್ಷಮಿಸುತ್ತಾನೆ! ಶಿಲುಬೆಯಲ್ಲಿ ಒಂದು ಸಲ ತೀರಿದ ಸಾಲವನ್ನು ನ್ಯಾಯವಾದ ದೇವರು ನನ್ನ ಹತ್ತಿರ ಮತ್ತೆ ಕೇಳುವುದಿಲ್ಲ. "ತೊಳೆ ಕರ್ತನೇ, ನಾನು ಸುಮ್ನೆ ಇರ್ತೀನಿ" ಅಂದೆ. ಅಷ್ಟೇ ನನ್ನ ಪ್ರಾರ್ಥನೆ. ಎದೆ ಬೆಚ್ಚಗಾಗಲಿಲ್ಲ, ಬೆಳಕು ಕಾಣಲಿಲ್ಲ. ನಿದ್ದೆ ಬಂತು.

ನಂಬಿಕೆ ಅಂದರೆ ಏನು ಅಂತ ಈಗ ಯಾರಾದರೂ ಕೇಳಿದರೆ ನನಗೆ ನೀರಿಗೆ ಇಳಿಸಿದ ಆ ಪಾದವೇ ಕಣ್ಣಿಗೆ ಬರುತ್ತದೆ. ಪಾದ ಏನು ಮಾಡಿತು? ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುವುದೂ ಅದೇ: ನಂಬಿಕೆಯ ಮೂಲಕ ಕೃಪೆಯಿಂದಲೇ ರಕ್ಷಣೆ, ಅದು ದೇವರ ವರ, ಕ್ರಿಯೆಗಳಿಂದಲ್ಲ. ಯೇಸುವಿನ ಪಕ್ಕದಲ್ಲಿ ಸತ್ತ ಆ ಕಳ್ಳ ದೀಕ್ಷಾಸ್ನಾನ ಮಾಡಿಸಿಕೊಳ್ಳಲಿಲ್ಲ, ಕದ್ದದ್ದನ್ನು ಹಿಂದಕ್ಕೆ ಕೊಡಲಿಲ್ಲ, ಅವನ ಕೈಗಳು ಶಿಲುಬೆಯಲ್ಲಿದ್ದವು. ನನ್ನನ್ನು ನೆನಪಿಸಿಕೋ ಅಂದ. ಇವತ್ತೇ ನನ್ನ ಸಂಗಡ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ಇರುತ್ತೀ ಅನ್ನುವ ಉತ್ತರ ಸಿಕ್ಕಿತು.

ಹಾಗಾದರೆ ತಪ್ಪು ಮಾಡಿ ನಂಬಿಬಿಟ್ಟರೆ ಆಯಿತಾ ಅಂತ ಒಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಅನುಭವ ಹೇಳುತ್ತೇನೆ. 13 ವರ್ಷ ಅವಳಿಗೆ ಫೋನ್ ಮಾಡುವ ಧೈರ್ಯ ನನಗೆ ಇರಲಿಲ್ಲ. ಭಾರ ಇದ್ದಷ್ಟು ದಿನ ಅವಳ ಮುಖ ನೋಡಲಾರದೆ ಇದ್ದೆ. ಭಾರ ಇಳಿದ ಮೇಲೆ ಫೋನ್ ಮಾಡದೆ ಇರಲಾರದೆ ಹೋದೆ. ಬೈಬಲ್‌ನಲ್ಲಿ ಬರುವ ಸುಂಕದವ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದದ್ದು ಯೇಸು ಅವನ ಮನೆಗೆ ಬಂದ ಮೇಲೆ, ಬರಲಿ ಅಂತ ಅಲ್ಲ.

ಹೊಲಿಗೆ ವಾಸಿಯಾದ ಮೇಲೆ ಮೊದಲು ಆ ಹಳೇ ಆಸ್ಪತ್ರೆಗೆ ಪತ್ರ ಬರೆದೆ. ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದೆ. ಉತ್ತರ ಬರಲಿಲ್ಲ. ಆಮೇಲೆ ಇಬ್ಬರು ಮೂವರನ್ನು ಕೇಳಿ ಅವಳ ನಂಬರ್ ಹುಡುಕಿದೆ. ಅವಳು ನರ್ಸಿಂಗ್ ಬಿಟ್ಟಿರಲಿಲ್ಲ. ಒಂದು ವರ್ಷ ಮನೆಯಲ್ಲಿದ್ದು, ಬೇರೆ ಕಡೆ ಸೇರಿದ್ದಳು. ಆಪರೇಷನ್ ಥಿಯೇಟರ್‌ಗೆ ಮಾತ್ರ ಮತ್ತೆ ಯಾವತ್ತೂ ಹೋಗಿರಲಿಲ್ಲ.

ನಾನು ಯಾರು ಅಂತ ಹೇಳಿದೆ. ಆ ಕಡೆ ಸದ್ದಿಲ್ಲ. ತಪ್ಪು ನನ್ನದು, ನಿನ್ನದಲ್ಲ, ನಾನು ಸುಳ್ಳು ಹೇಳಿದೆ, ಪತ್ರ ಬರೆದಿದ್ದೇನೆ, ನೀನು ಕ್ಷಮಿಸಬೇಕು ಅಂತ ಕೇಳೋ ಹಕ್ಕು ನನಗಿಲ್ಲ ಅಂದೆ. ತುಂಬಾ ಹೊತ್ತಿನ ಮೇಲೆ ಅವಳು, "ಆ ಪೇಷಂಟ್ ಆಮೇಲೆ ಹೇಗಿದ್ರು ಅಕ್ಕ?" ಅಂದಳು. ಚೆನ್ನಾಗಿ ಆಗಿ ಮನೆಗೆ ಹೋದರು, ನಡೆದುಕೊಂಡೇ ಹೋದರು ಅಂದೆ. ಅದು ಅವಳಿಗೆ ಗೊತ್ತಿರಲಿಲ್ಲ. ಅಷ್ಟರೊಳಗೆ ಅವಳನ್ನು ಕಳಿಸಿಬಿಟ್ಟಿದ್ದರು.

"ನಾನೇ ಜೋರಾಗಿ ಹೇಳಬೇಕಿತ್ತು ಅಕ್ಕ. ಡಾಕ್ಟರ್‌ಗೆ ಕೇಳೋ ಹಾಗೆ. ನಾನು ಸಣ್ಣಗೆ ಹೇಳಿದೆ, ನಿಮಗೆ ಕೇಳಿಸಿರಲಿಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ" ಅಂದಳು.

"ಇಲ್ಲ ಕಣಮ್ಮ. ನೀನು ಹೇಳಿದ್ದೆ. ನನಗೆ ಕೇಳಿಸಿತ್ತು."